ಐದನೇ ಲೈನಿನ ಹಿಡಿ

ನಮ್ಮ ಕಟ್ಟಡದ ಪ್ಲಂಬರನಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇರಬೇಕು. ನಾವು ಮೂವತ್ತೆರಡು ಮನೆಯವರೂ ಕರೆಯುವುದು ಪೈಪಣ್ಣ ಎಂದು. ಹದಿನೆಂಟು ವರ್ಷಗಳಿಂದ ಇಲ್ಲಿನ ಪೈಪುಗಳನ್ನು ನೋಡಿಕೊಳ್ಳುತ್ತಿದ್ದಾನೆ. ಕೆಲಸಗಾರ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನಿಂದ ತಪ್ಪಾಯಿತು ಎಂದು ಅವನು ಹೇಳಿದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಸೋರಿದರೆ ಪೈಪು ಹಳೆಯದು, ಕಟ್ಟಿಕೊಂಡರೆ ಮನೆಯವರ ಕೂದಲು.

ತಾರಸಿಯ ಟ್ಯಾಂಕಿನಿಂದ ಎಂಟು ಲೈನುಗಳು ಕೆಳಗಿಳಿಯುತ್ತವೆ. ಒಂದೊಂದು ಲೈನಿಗೆ ನಾಲ್ಕು ಮನೆ, ಒಂದು ವಾಲ್ವು. ಎಲ್ಲವನ್ನೂ ಒಟ್ಟಿಗೆ ನಿಲ್ಲಿಸುವ ವಾಲ್ವು ಇಲ್ಲ, ಕಟ್ಟಿಸಿದವನು ಜಿಪುಣ. ಪೈಪಣ್ಣ ಎಲ್ಲರಿಗೂ ಪಾಠ ಮಾಡಿದ್ದ: "ಹಿಡಿ ಪೈಪಿನ ನೇರಕ್ಕಿದ್ರೆ ನೀರು ಹರಿಯುತ್ತೆ, ಅಡ್ಡ ಇದ್ರೆ ನಿಲ್ಲುತ್ತೆ." ಹೊಸ ಕಾರ್ಯದರ್ಶಿ ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿ, ಕೆಳಗೆ ಪೈಪಣ್ಣನ ಹೆಸರನ್ನೂ ಸೇರಿಸಿ ತಾರಸಿಯ ಬಾಗಿಲಿಗೆ ಅಂಟಿಸಿದ್ದರು. ಅದನ್ನು ಅಂಟಿಸಿದ ದಿನ ಅವನು ಮೂರು ಸಲ ಮೇಲೆ ಹೋಗಿ ಬಂದನಂತೆ.

ಮಾತು ಸರಿ. ಆದರೆ ಐದನೇ ಲೈನಿಗೆ ಅದು ಅನ್ವಯಿಸುತ್ತಿರಲಿಲ್ಲ. ಅವನು ಇಲ್ಲಿ ಕೆಲಸಕ್ಕೆ ಸೇರಿದ ಮೊದಲ ವರ್ಷ ಆ ವಾಲ್ವು ಹಾಕುವಾಗ, ಹಿಡಿ ಪಕ್ಕದ ಸಿಮೆಂಟು ಕಂಬಕ್ಕೆ ತಾಗಿ ಪೂರ್ತಿ ತಿರುಗಲಿಲ್ಲ. ನಟ್ಟು ಬಿಚ್ಚಿ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ಕೂರಿಸಬೇಕಿತ್ತು. ಕೆಳಗೆ ನಾಲ್ಕು ಮನೆಯವರು ನೀರಿಗಾಗಿ ಕೂಗುತ್ತಿದ್ದರು. ಅವಸರದಲ್ಲಿ ಕಾಲು ಸುತ್ತಿಗೇ ಕೂರಿಸಿಬಿಟ್ಟ. ಹಾಗಾಗಿ ಅಲ್ಲಿ ಅಡ್ಡ ಇದ್ದರೆ ಹರಿಯುತ್ತದೆ, ನೇರ ಇದ್ದರೆ ನಿಲ್ಲುತ್ತದೆ. ನಾಳೆ ಸರಿಮಾಡಿದರಾಯಿತು ಅಂದುಕೊಂಡ. ಆ ನಾಳೆ ಬರುವಷ್ಟರಲ್ಲಿ ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಇನ್ನು ವಾಲ್ವನ್ನೇ ಬದಲಾಯಿಸಬೇಕು, ಬದಲಾಯಿಸಲು ಕಾರಣ ಹೇಳಬೇಕು. ಅವನು ಹೇಳಲಿಲ್ಲ. ಮೇಲೆ ಹೋಗಿ ತಿರುಗಿಸುವವನು ತಾನೊಬ್ಬನೇ ಅಲ್ಲವೇ ಎಂದು ಸುಮ್ಮನಿದ್ದ.

ಈ ವರ್ಷದ ಆರಂಭದಲ್ಲಿ ಅವನ ಹೆಂಡತಿಗೆ ಪಿತ್ತಕೋಶದಲ್ಲಿ ಕಲ್ಲಾಯಿತು. ಸರ್ಕಾರಿ ಆಸ್ಪತ್ರೆಯಲ್ಲಿ ಮೂರು ತಿಂಗಳು ಕಾದ ಮೇಲೆ ಆಪರೇಷನ್ನಿಗೆ ದಿನ ಸಿಕ್ಕಿತು. ಅವನು ರಜೆ ಹಾಕಿದ್ದನ್ನು ನಾವು ಕಂಡದ್ದು ಅದೇ ಮೊದಲು. ಆವತ್ತೇ ಬೆಳಿಗ್ಗೆ ಒಂಬತ್ತಕ್ಕೆ ಮೂರನೇ ಮಹಡಿಯ ಅಜ್ಜಿಯ ಬಚ್ಚಲಿನಲ್ಲಿ ಪೈಪು ಒಡೆಯಿತು. ಆ ಮನೆ ಐದನೇ ಲೈನಿನದು. ಅದರ ಕೆಳಗಿನ ಮನೆ ನನ್ನದು. ನನ್ನ ಎರಡು ಕಪಾಟು ಪುಸ್ತಕ ತೊಯ್ದು ತೊಪ್ಪೆಯಾದವು, ಹಾಗಾಗಿ ನಾನು ಪಕ್ಷಪಾತವಿಲ್ಲದೆ ಹೇಳುತ್ತಿದ್ದೇನೆ ಎಂದು ಯಾರೂ ನಂಬಬೇಕಾಗಿಲ್ಲ.

ಕಾವಲುಗಾರ ತಾರಸಿಗೆ ಓಡಿದ. ಹಿಂದೆಯೇ ಕಾರ್ಯದರ್ಶಿ, ನಾನು. ಐದನೇ ಹಿಡಿ ಆಗಲೇ ಅಡ್ಡ ಇತ್ತು. ಬಾಗಿಲ ಮೇಲಿನ ಬರಹವನ್ನು ಮತ್ತೊಮ್ಮೆ ಓದಿ ಬಂದೆವು. ಕಾರ್ಯದರ್ಶಿ ಪೈಪಣ್ಣನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು.

"ಐದನೇದು ಅಡ್ಡಾನೇ ಇದೆ ಅಣ್ಣಾ, ಆದ್ರೂ ನೀರು ನಿಲ್ತಿಲ್ಲ" ಎಂದ ಕಾವಲುಗಾರ.

ಐದನೇದಾ ಎಂದು ಪೈಪಣ್ಣ ಮತ್ತೊಮ್ಮೆ ಕೇಳಿದ. ಆಮೇಲೆ, "ಯಾರೂ ಏನೂ ಮುಟ್ಬೇಡಿ. ನಾನೇ ಬರ್ತೀನಿ" ಎಂದು ಫೋನಿಟ್ಟ.

ಎಂಥ ಜವಾಬ್ದಾರಿಯ ಮನುಷ್ಯ ಎಂದು ಕಾರ್ಯದರ್ಶಿ ತಲೆದೂಗಿದರು.

ಆಸ್ಪತ್ರೆಯಲ್ಲಿ ನಡೆದದ್ದನ್ನು ಅವನೇ ನನಗೆ ಹೇಳಿದ್ದು, ಎರಡು ತಿಂಗಳಾದ ಮೇಲೆ, ನನ್ನ ಅಡುಗೆಮನೆಯ ನಲ್ಲಿ ಬಿಚ್ಚಿಟ್ಟುಕೊಂಡು ಕೂತಿದ್ದಾಗ. ನಾನು ಕೇಳಿರಲಿಲ್ಲ. ಫೋನು ಬಂದಾಗ ಅವನ ಹೆಂಡತಿ ಹಸಿರು ಗೌನು ಹಾಕಿಕೊಂಡು ಮಂಚದ ಮೇಲೆ ಕೂತಿದ್ದಳು. ಹಿಂದಿನ ರಾತ್ರಿಯಿಂದ ಅವಳ ಬಾಯಿಗೆ ಹನಿ ನೀರು ಬಿದ್ದಿರಲಿಲ್ಲ. ಒಪ್ಪಿಗೆ ಪತ್ರಕ್ಕೆ ಮನೆಯವರೊಬ್ಬರ ಸಹಿ ಬೇಕಿತ್ತು, ಜೊತೆಗಿದ್ದವನು ಅವನೊಬ್ಬನೇ. ಡಾಕ್ಟರು ಬಂದ ಮೇಲೆ ಅವರ ಎದುರಿಗೇ ಹಾಕಿಸಿಕೊಳ್ಳುತ್ತೇವೆ ಎಂದು ಆಸ್ಪತ್ರೆಯವರು ಹೇಳಿದ್ದರು. "ನೇರ ಮಾಡು ಅನ್ನೋ ಎರಡೇ ಮಾತು ಸಾರ್, ನಾಲಿಗೆ ಏಳಲಿಲ್ಲ" ಎಂದ. ಅರ್ಧ ಗಂಟೆ, ಹೀಗೆ ಹೋಗಿ ಹಾಗೆ ಬಂದೆ ಎಂದು ಅವಳಿಗೆ ಹೇಳಿ ಆಟೋ ಹಿಡಿದಿದ್ದನಂತೆ.

ಅವನು ತಾರಸಿ ಹತ್ತುವ ಹೊತ್ತಿಗೆ ನೀರು ನಿಂತಿತ್ತು. ಕಾದು ಕಾದು ರೇಗಿದ್ದ ಅಜ್ಜಿ ತಾವೇ ಮೆಟ್ಟಿಲು ಹತ್ತಿ ಬಂದು, ಮುಟ್ಟಬೇಡಿ ಎಂದರೂ ಕೇಳದೆ, ಸಿಟ್ಟಿಗೆ ಆ ಹಿಡಿಯನ್ನು ಜಗ್ಗಿದ್ದರು. ನೇರಕ್ಕೆ ಬಂತು, ನೀರು ನಿಂತಿತು.

"ಕಂಪನಿಯವ್ರೇ ಉಲ್ಟಾ ಮಾಡಿ ಕಳ್ಸಿದ್ದಾರೆ ಅನ್ಸುತ್ತೆ, ಅಲ್ವಾ ಅಣ್ಣಾ?" ಎಂದ ಕಾವಲುಗಾರ.

"ಹೂಂ. ಆ ಮಾಲೇ ಹಾಗೆ" ಎಂದ ಪೈಪಣ್ಣ.

ನಾನು ಅಲ್ಲೇ ಇದ್ದೆ, ನಂಬಿದೆ. ಅವನು ಒಡೆದ ಪೈಪಿಗೆ ಬಿರಡೆ ಹಾಕಿ ಹೊರಡುವಾಗ ಹತ್ತೂಮುಕ್ಕಾಲು.

ಅಷ್ಟರಲ್ಲಿ ನರ್ಸು ಮೂರು ಸಲ ಬಂದು ಗಂಡ ಎಲ್ಲಿ ಎಂದು ಕೇಳಿದ್ದಳು. ಮೂರು ಸಲವೂ ಹೆಂಡತಿ, ನೀರು ಕುಡಿಯಲು ಹೋಗಿದ್ದಾರೆ, ಈಗ ಬರುತ್ತಾರೆ ಎಂದು ಅವನ ಮಾನ ಕಾಪಾಡಿದ್ದಳು. ಕೊನೆಗೆ ಡಾಕ್ಟರು ಪಕ್ಕದ ಮಂಚದವರನ್ನು ಒಳಗೆ ಕರೆಸಿಕೊಂಡರು. ಅವನು ವಾರ್ಡಿಗೆ ಬಂದಾಗ ಅವಳು ಗೌನು ಬಿಚ್ಚಿಟ್ಟು, ತನ್ನ ಸೀರೆ ಉಟ್ಟುಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಆಪರೇಷನ್ ನಾಳೆಗೆ ಹೋಗಿತ್ತು.

ಇತ್ತ ಹೊರಳಿ, ನೀರು ನಿಂತಿತೇ ಎಂದು ಕೇಳಿದಳು. ನಿಂತಿತು ಎಂದ. ನೀವೇ ನಿಲ್ಲಿಸಿದಿರಾ ಎಂದಳು. ಸುಳ್ಳು ಹೇಳಬಹುದಿತ್ತು, ಬೆಳಿಗ್ಗೆಯಷ್ಟೇ ಒಂದು ಹೇಳಿ ಬಂದಿದ್ದ. ಆದರೆ ಒಣಗಿ ಬಿಳಚಿದ ಅವಳ ತುಟಿ ನೋಡಿ, ಹದಿನೆಂಟು ವರ್ಷದ್ದನ್ನೆಲ್ಲ ಅಲ್ಲೇ ಸ್ಟೂಲಿನ ಮೇಲೆ ಕೂತು ಹೇಳಿಬಿಟ್ಟ.

"ಫೋನಲ್ಲೇ ಹೇಳಬಹುದಿತ್ತಾ?" ಎಂದು ಕೇಳಿದಳು.

"ಹೇಳಬಹುದಿತ್ತು."

ಅವಳು ಬೈಯಲಿಲ್ಲ, ಅಳಲೂ ಇಲ್ಲ. ಮತ್ತೆ ಗೋಡೆಯ ಕಡೆ ಹೊರಳಿ ಹೇಳಿದಳು:

"ನಾಳೆ ನೀವು ಬರೋದು ಬೇಡ. ಅಕ್ಕನಿಗೆ ಹೇಳಿದ್ದೀನಿ, ಸಹಿ ಅವಳು ಹಾಕ್ತಾಳೆ."