ಕುದಿಸಿದ ಜಿನ್

೧೯೯೮ರಲ್ಲಿ ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಗೆಸ್ಟ್ ಹೌಸಿನಲ್ಲಿ ಅಡುಗೆಯವಳಾಗಿದ್ದೆ. ಊರು ಮೊಳಕಾಲ್ಮೂರು ಕಡೆಯ ಕೊಂಡ್ಲಹಳ್ಳಿ, ಓದಿದ್ದು ನಾಲ್ಕನೇ ಕ್ಲಾಸು. ಆ ಕೆಲಸಕ್ಕೆ ಸೇರಿ ಹನ್ನೊಂದು ವರ್ಷ ಆಗಿತ್ತು. ವ್ಯಾಪಾರಿಗಳು, ಬ್ಯಾಂಕಿನವರು, ಮಿಷನ್ ರಿಪೇರಿಯವರು, ಯಾರು ಬಂದರೂ ನನ್ನ ಕೈ ಊಟವೇ. ಒಬ್ಬರೂ ತಟ್ಟೆಯಲ್ಲಿ ಬಿಟ್ಟು ಎದ್ದವರಲ್ಲ. ಇದನ್ನು ಜಂಬಕ್ಕೇ ಹೇಳ್ತಿದ್ದೀನಿ.

ಇನ್ನೊಂದು ಮಾತು. ಅಡುಗೆ ಮಾಡುವಾಗ ನಾನು ರುಚಿ ನೋಡುತ್ತಿರಲಿಲ್ಲ. ನಮ್ಮವ್ವ ಹಾಗೆ ಕಲಿಸಿದ್ದಳು. ಒಲೆಯಿಂದ ಇಳಿದದ್ದು ಮೊದಲು ದೇವರ ಎಡೆಗೆ, ಆಮೇಲೆ ಮನುಷ್ಯರಿಗೆ. ನಡುವೆ ನಾಲಗೆಗೆ ತಾಗಿಸಿದರೆ ಎಂಜಲು. ಉಪ್ಪು ಕೈಯಳತೆ, ಬೆಂದದ್ದು ವಾಸನೆಯಿಂದ ಗೊತ್ತಾಗಬೇಕು, ಅಷ್ಟೆ.

ಆ ವರ್ಷ ಮಿಲ್ಲಿಗೆ ರಿಫೈನರಿ ಬಂತು. ಅಂದರೆ ಗಾಣದ ಕಡಲೆಕಾಯಿ ಎಣ್ಣೆಯ ಬಣ್ಣ, ವಾಸನೆ ತೆಗೆದು ತಿಳಿ ಮಾಡುವ ಯಂತ್ರ. ಅದನ್ನು ಜೋಡಿಸೋಕೆ ಇಟಲಿಯಿಂದ ಮಾರ್ಕೊ ಅಂತ ಇಂಜಿನಿಯರ್ ಬಂದ. ಆಗ ನನ್ನ ಬಾಯಲ್ಲಿ ಅವನು ಮಾರಪ್ಪ ಆಗಿದ್ದ. ಮ್ಯಾನೇಜರ್ ರುದ್ರಪ್ಪ ಮೊದಲ ದಿನವೇ ಅಪ್ಪಣೆ ಮಾಡಿದರು: "ಬಿಳಿ ಜನಕ್ಕೆ ಖಾರ, ಒಗ್ಗರಣೆ ಏನೂ ಆಗಲ್ಲ. ಬ್ರೆಡ್ಡು, ಬೇಯಿಸಿದ ತರಕಾರಿ, ಅಷ್ಟೇ ಕೊಡು." ಕೊಟ್ಟೆ. ತಟ್ಟೆ ಹಾಗೇ ವಾಪಸ್ ಬಂತು. ಮಾರನೇ ದಿನವೂ ಬಂತು. ಎಂಟು ದಿನ ಬಂತು. ನನಗೆ ಕೂತಲ್ಲಿ ಕೂರೋಕಾಗಲಿಲ್ಲ. ಪಾತ್ರೆ ತೊಳೆದದ್ದನ್ನೇ ತೊಳೆಯೋದು, ಬಾಗಿಲಿಗೆ ಹೋಗಿ ಅವನ ತಟ್ಟೆ ಇಣುಕಿ ನೋಡೋದು, ಮತ್ತೆ ಒಳಗೆ ಬರೋದು. ಅವನ ಬೆಲ್ಟು ಒಂದು ತೂತು ಒಳಗೆ ಹೋಗಿದ್ದು ನನ್ನ ಕಣ್ಣಿಗೇ ಬಿತ್ತು.

ಒಂಬತ್ತನೇ ದಿನ ಮಧ್ಯಾಹ್ನ ರುದ್ರಪ್ಪ ಅಡುಗೆಮನೆಗೇ ಬಂದರು. "ಮಾರ್ಕೊ ಶನಿವಾರ ಹೊರಡ್ತಾನಂತೆ. ಊಟ ಸೇರ್ತಿಲ್ಲ, ಕೈಕಾಲಲ್ಲಿ ಶಕ್ತಿ ಇಲ್ಲ ಅಂತಾನೆ. ಅವನು ಹೋದ್ರೆ ಮಿಷನ್ನು ಪೆಟ್ಟಿಗೆಯೊಳಗೇ ಉಳೀತದೆ. ಸಾಹುಕಾರ್ರು ನಿನ್ನನ್ನೂ ಇಟ್ಕೊಳ್ಳಲ್ಲ, ಓಬಕ್ಕ."

ಅವತ್ತು ಬುಧವಾರ. ಉಳಿದದ್ದು ಮೂರು ದಿನ.

ರುದ್ರಪ್ಪ ಬರಿಗೈಲಿ ಬಂದಿರಲಿಲ್ಲ. ಮಿಷನ್ನಿನ ಬಿಡಿಭಾಗಗಳ ಜೊತೆ ಮಾರ್ಕೊ ಊರಿನಿಂದ ಎರಡು ಬಾಟಲು ಬಂದಿದ್ದವು: ಒಂದು ಕೆಂಪು ಸಿಹಿ ವೈನು, ಇನ್ನೊಂದು ರಕ್ತಗೆಂಪಿನ ಕಹಿ ಮದ್ಯ. ಬಳ್ಳಾರಿಯಿಂದ ಅವರೇ ತಂದ ಎರಡು ಬಾಟಲು ಜಿನ್ ಅನ್ನೋ ಬಿಳಿ ಮದ್ಯವೂ ಇತ್ತು. ಮಾರ್ಕೊ ಬರೆದುಕೊಟ್ಟ ಚೀಟಿ ಓದಿದರು. "ಮೂರೂ ಸಮ. ಐಸು. ಕಿತ್ತಳೆ ಸಿಪ್ಪೆ. ಊಟಕ್ಕೆ ಮುಂಚೆ ಇದನ್ನ ಕುಡಿದ್ರೆ ಹಸಿವಾಗ್ತದಂತೆ. ಅವರ ಕಡೆ ಒಂಥರಾ ಕಹಿ ಔಷಧಿ ಅನ್ಕೋ. ಏಳು ಗಂಟೆಗೆ ಬರ್ತಾನೆ, ರೆಡಿ ಇರಲಿ."

ಬಾಟಲುಗಳನ್ನು ಜೀಪಿನಿಂದ ಇಳಿಸಬೇಕಿದ್ದವನು ಮೆಕ್ಯಾನಿಕ್ ಖಾದರ್. ಅವನು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದ. "ಶರಾಬು ನಾನು ಮುಟ್ಟಲ್ಲ. ಅದರ ಮೇಲೆ ಹೆಸರು ಬೇರೆ ಜಿನ್! ನಮ್ಮಲ್ಲಿ ಜಿನ್ ಅಂದ್ರೆ ಏನು ಗೊತ್ತೇನಕ್ಕ? ಹೊಗೆಯಿಲ್ಲದ ಬೆಂಕಿಯಿಂದ ಹುಟ್ಟಿದ್ದು. ಬಾಟಲಿ ಬಿರಡೆ ತೆಗೀಬೇಡ್ರಿ."

"ನಿನ್ನ ಜಿನ್ನಿಗೆ ನಾನೇ ಉಪ್ಪು ಹಾಕ್ತೀನಿ, ಹೋಗೋ," ಅಂತ ಬಾಟಲು ನಾನೇ ಇಳಿಸಿಕೊಂಡೆ.

ಕಹಿ ಔಷಧಿ ಅಂದಮೇಲೆ ನನಗೆ ಗೊತ್ತಿದ್ದದ್ದು ಒಂದೇ ದಾರಿ: ಕಷಾಯ. ನೆಲಬೇವಾಗಲಿ, ಅಮೃತಬಳ್ಳಿಯಾಗಲಿ, ನಾಲ್ಕು ಪಾಲು ಒಂದು ಪಾಲಿಗೆ ಇಳಿಯೋವರೆಗೆ ಕುದಿಸಬೇಕು. ಐಸು ಆಮೇಲೆ ಆರಿಸೋಕೆ ಇರಬೇಕು ಅಂದುಕೊಂಡೆ. ದಿನಾ ಯಾರು ಕುದಿಸ್ತಾರೆ, ವಾರಕ್ಕಾಗುವಷ್ಟು ಒಟ್ಟಿಗೇ ಆಗಲಿ ಅಂತ ಕೆಂಪಿನದು ಎರಡೂ ಬಾಟಲು, ಜಿನ್ ಒಂದು ಬಾಟಲು ಅಗಲ ಬೋಗುಣಿಗೆ ಸುರಿದೆ. ಮೂರೂ ಸಮ. ಕಿತ್ತಳೆ ಇರಲಿಲ್ಲ, ಹೇರಳೆಕಾಯಿ ಸಿಪ್ಪೆ ಹಾಕಿದೆ. ಗ್ಯಾಸ್ ಹಚ್ಚಿದೆ.

ಆವಿ ಎದ್ದಿತು. ಬಗ್ಗಿ ನೋಡಿದೆ. ಭಗ್ ಅಂತು. ಬೋಗುಣಿ ತುಂಬಾ ನೀಲಿ ಬೆಂಕಿ, ಹೊಗೆಯೇ ಇಲ್ಲ.

ಬಾಗಿಲಲ್ಲಿದ್ದ ಖಾದರ್ "ಯಾ ಅಲ್ಲಾ! ಬಂತು ನೋಡ್ರೀ!" ಅಂತ ಕೂಗಿದ. ಆದರೆ ಓಡಿಹೋಗಲಿಲ್ಲ, ಅದು ಹೇಳಬೇಕು. ಸಿಲಿಂಡರ್ ಬಂದ್ ಮಾಡಿದವನು ಅವನೇ. ನಾನು ಹಿಟ್ಟು ನಾದುವ ಪರಾತ ತೆಗೆದು ಬೋಗುಣಿ ಮೇಲೆ ಕವುಚಿ ಹಾಕಿದೆ. ಬೆಂಕಿ ಆರಿತು. ನನ್ನ ಎಡ ಹುಬ್ಬು ಹೋಗಿತ್ತು.

"ಹುಬ್ಬು ತಗೊಂಡು ಹೋಯ್ತು. ಸಣ್ಣ ಜಿನ್ನು," ಅಂದ ಖಾದರ್.

ನಗೋ ಸ್ಥಿತಿಯಲ್ಲಿ ನಾನಿರಲಿಲ್ಲ. ಗಂಟೆ ಆರೂಕಾಲು. ರುದ್ರಪ್ಪ ಓಡಿಬಂದು ಬೋಗುಣಿ ನೋಡಿದರು, ನನ್ನ ಮುಖ ನೋಡಿದರು. "ಕುದಿಸಿದ್ಯಾ? ಮದ್ಯ ಕುದಿಸಿದ್ರೆ ಅದರ ಸತ್ವವೇ ಹಾರಿಹೋಗ್ತದೆ ಕಣಮ್ಮ! ಆ ಕೆಂಪು ಬಾಟಲು ಇಡೀ ಜಿಲ್ಲೇಲಿ ಎಲ್ಲೂ ಸಿಗಲ್ಲ!" ಅಂದವರು ಅಂಗಳದಲ್ಲಿ ಶತಪಥ ಹಾಕೋಕೆ ಶುರು ಮಾಡಿದರು. ನಾನು ಅಡುಗೆಮನೆಯಲ್ಲಿ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ.

ಯೋಚನೆ ಮಾಡಿದೆ. ಹಾರಿಹೋದದ್ದು ಸತ್ವ. ಆ ಸತ್ವ ಇನ್ನೊಂದು ಜಿನ್ ಬಾಟಲಲ್ಲಿ ಇನ್ನೂ ಇದೆ. ಬೋಗುಣಿಯಲ್ಲಿ ಉಳಿದಿರೋದು ಕಹಿ ಮತ್ತು ಸಿಹಿ. ಅದು ಎಷ್ಟು, ಇದು ಎಷ್ಟು ಹಾಕಬೇಕು? ಕೈಯಳತೆಗೆ ಗೊತ್ತಿಲ್ಲದ ವಸ್ತು. ಮೂಗಿಗೂ ಗೊತ್ತಿಲ್ಲ. ಉಳಿದದ್ದು ನಾಲಗೆ.

ಅವತ್ತು ಮೊದಲ ಸಲ, ಬಡಿಸೋಕೆ ಮುಂಚೆ ರುಚಿ ನೋಡಿದೆ. ಎಡೆ ಇಡುವ ಪದಾರ್ಥವಂತೂ ಅಲ್ಲ, ದೇವರ ಅಡ್ಡಿ ಇರಲಿಲ್ಲ. ಬೋಗುಣಿಯದರ ಜೊತೆ ಜಿನ್ ಬೆರೆಸಿ, ಐಸು ಹಾಕಿ, ಅಂಗೈಗೆ ಒಂದು ಹನಿ. ಮೊದಲು ಸಿಹಿ, ಹಿಂದೆಯೇ ಕಹಿ. ಕಹಿ ಹೋಗಲೇ ಇಲ್ಲ, ನಾಲಗೆ ಬುಡದಲ್ಲಿ ಕೂತಿತು. ಇನ್ನಷ್ಟು ಜಿನ್ ಹಾಕಿದೆ, ಮತ್ತೊಂದು ಹನಿ. ನಾಲ್ಕನೇ ಹನಿಗೆ ಒಂದಕ್ಕೊಂದು ಒಗ್ಗಿತು ಅನ್ನಿಸಿತು. ಬಾಯಲ್ಲಿ ನೀರೂರಿತು.

ಆಗ ಇನ್ನೊಂದು ಮಾತು ಹೊಳೀತು. ಇಷ್ಟು ಕಹಿಯನ್ನು ಬೇಕು ಅಂತ ಕೇಳಿ ತರಿಸಿಕೊಳ್ಳೋನ ನಾಲಗೆಗೆ ನಾನು ಎಂಟು ದಿನ ಏನು ಬಡಿಸಿದೆ? ಅವನಿಗೆ ಅಂತ ಮುಚ್ಚಿಟ್ಟಿದ್ದ ತಟ್ಟೆ ತೆಗೆದು ಬೇಯಿಸಿದ ತರಕಾರಿ ಒಂದು ತುಂಡು ತಿಂದೆ. ಒದ್ದೆ ಬಟ್ಟೆ ಅಗಿದ ಹಾಗಿತ್ತು.

ಆ ತಟ್ಟೆಯನ್ನು ಕೋಳಿಗೆ ಸುರಿದೆ.

ಏಳಕ್ಕೆ ಮಾರ್ಕೊ ಬಂದ. ಲೋಟ ಕೊಟ್ಟೆ. ಒಂದು ಗುಟುಕು ಕುಡಿದ, ಹುಬ್ಬು ಗಂಟಿಕ್ಕಿದ, ರುದ್ರಪ್ಪನವರಿಗೆ ಏನೋ ಕೇಳಿದ. ಅವರು ತಲೆ ತಗ್ಗಿಸಿ ಒಲೆ ಕಡೆ ಕೈ ತೋರಿಸಿದರು. ಅವನು ನನ್ನ ಹೋದ ಹುಬ್ಬು ನೋಡಿ ಜೋರಾಗಿ ನಕ್ಕ. ರುದ್ರಪ್ಪ ತಿಳಿಸಿ ಹೇಳಿದರು: "ಇದು ಅದಲ್ಲವಂತೆ. ಆದ್ರೆ ಕೆಟ್ಟದಾಗೇನೂ ಇಲ್ಲವಂತೆ."

ಅವನು ಲೋಟ ಕೆಳಗಿಡಲಿಲ್ಲ. ನಾನು ತಟ್ಟೆ ತಂದಿಟ್ಟೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಖಾದರ್‌ಗೂ ನನಗೂ ಅಂತ ಮಾಡಿದ್ದ ಹಾಗಲಕಾಯಿ ಪಲ್ಯ.

"ಏಯ್, ಏನು ಹಾಕಿದ್ದೀಯಾ?" ರುದ್ರಪ್ಪ ಹೌಹಾರಿದರು.

"ನೀವು ಸುಮ್ನಿರ್ರಿ."

ಮಾರ್ಕೊ ಪಲ್ಯ ಬಾಯಿಗಿಟ್ಟ. ಅಗಿದ. ನಿಲ್ಲಿಸಿದ. ಮತ್ತೆ ಅಗಿದ. "ಬಿಟರ್!" ಅಂದ. ರುದ್ರಪ್ಪ ಕಣ್ಣು ಮುಚ್ಚಿಕೊಂಡರು. ಅವನು ತಟ್ಟೆ ನನ್ನ ಕಡೆ ಚಾಚಿ ಬೆರಳಿನಿಂದ ಪಲ್ಯ ಇದ್ದ ಜಾಗ ತೋರಿಸಿದ. ಮೂರು ರೊಟ್ಟಿ ತಿಂದ. ತಟ್ಟೆ ಖಾಲಿ ಬಂತು.

ಶನಿವಾರ ಅವನು ಹೊರಡಲಿಲ್ಲ. ಮಿಷನ್ ಜೋಡಿಸಿ ಮುಗಿಸಿಯೇ ಹೋದ. ಬೋಗುಣಿಯದು ಐದು ದಿನಕ್ಕೆ ಖರ್ಚಾಯಿತು, ಆಮೇಲೆ ಅವನು ಕೇಳಲೂ ಇಲ್ಲ. ಪ್ರತಿ ಸಂಜೆ ಹಾಗಲಕಾಯಿ ಮಾತ್ರ ಕೇಳುತ್ತಿದ್ದ. ನಾನು ಆ ಮಿಲ್ಲಿನಲ್ಲಿ ಇನ್ನೂ ಒಂಬತ್ತು ವರ್ಷ ಅಡುಗೆ ಮಾಡಿದೆ. ಹುಬ್ಬು ಪೂರ್ತಿ ಬೆಳೆಯಲೇ ಇಲ್ಲ.

ಆ ಕೆಲಸ ಕಲಿಸಿದ್ದು ಇಷ್ಟು. ತಟ್ಟೆ ವಾಪಸ್ ಬಂದರೆ ತಿನ್ನುವವನನ್ನು ಬಯ್ಯೋಕೆ ಮುಂಚೆ ಅದರಲ್ಲಿದ್ದದ್ದನ್ನು ನಾನೊಂದು ತುತ್ತು ತಿನ್ನಬೇಕು. ಈಗಲೂ ಎಡೆ ಮೊದಲು ತೆಗೆದಿಡ್ತೀನಿ, ನಮ್ಮವ್ವನ ಮಾತು ಮೀರಿಲ್ಲ. ಆಮೇಲೆ ಸೌಟಿನಿಂದ ಅಂಗೈಗೆ ಒಂದು ಹನಿ. ದೇವರ ತಟ್ಟೆ ಯಾವತ್ತೂ ವಾಪಸ್ ಬಂದಿಲ್ಲ, ಅದಕ್ಕೇ ರುಚಿ ನೋಡಬೇಕು ಅನ್ನೋದು ನಮ್ಮವ್ವನಿಗೆ ಗೊತ್ತಾಗಿರಲಿಲ್ಲ.