ಡೋರೀನ್ ಕಿವಿಯಲ್ಲಿ ಹೇಳುವ ಗುಟ್ಟು

ನಮ್ಮ ಲಾನ್ಸೆಸ್ಟನ್ ಊರಿನ ಜಾದೂಗಾರರ ಸಂಘದಲ್ಲಿ ಹದಿನಾಲ್ಕು ಜನರಿದ್ದೇವೆ. ಅವರಲ್ಲಿ ಹದಿಮೂರು ಮಂದಿ ತಮ್ಮನ್ನು ಮಹಾನ್ ಕಲಾವಿದರೆಂದು ತಿಳಿದವರು. ಕಾರ್ಯದರ್ಶಿಯಾದ ನಾನೂ ಅವರಲ್ಲೊಬ್ಬ, ಇಸ್ಪೀಟೆಲೆ ಕೈಜಾರಿ ಬೀಳುವುದು ಇನ್ನೂ ನಿಂತಿಲ್ಲವಾದರೂ. ಹದಿನಾಲ್ಕನೆಯವಳು ಡೋರೀನ್ ಹ್ಯಾಗರ್ಟಿ. ವಯಸ್ಸು ಅರವತ್ತನಾಲ್ಕು. ವಾರದ ದಿನಗಳಲ್ಲಿ ಶಾಲೆಯ ಕ್ಯಾಂಟೀನಿನಲ್ಲಿ ಸ್ಯಾಂಡ್‌ವಿಚ್ ಮಾಡಿಕೊಡುತ್ತಾಳೆ; ಶನಿವಾರ, ಭಾನುವಾರ ಮಕ್ಕಳ ಹುಟ್ಟುಹಬ್ಬಗಳಲ್ಲಿ ಜಾದೂ ಮಾಡುತ್ತಾಳೆ. ನಮ್ಮೆಲ್ಲರ ಪೈಕಿ ಜನ ತಾವಾಗಿಯೇ ಹುಡುಕಿಕೊಂಡು ಬಂದು ಕರೆಯುವುದು ಆಕೆಯೊಬ್ಬಳನ್ನೇ ಎಂಬುದನ್ನು ಸಭೆಯಲ್ಲಿ ಯಾರೂ ಪ್ರಸ್ತಾಪಿಸುವುದಿಲ್ಲ.

ಸಂಘದ ಅಧ್ಯಕ್ಷರು ವೆಂಡೆಲ್ ಪೋಕಾಕ್. ಹಿಂದುಗಡೆ ಎರಡು ಬಾಲ ಇಳಿಬಿದ್ದ ಕರಿಕೋಟು ಇಲ್ಲದೆ ಅವರು ಸಭೆಗೆ ಬಂದವರಲ್ಲ. ಹೆಂಡತಿಯನ್ನು ಪೆಟ್ಟಿಗೆಯಲ್ಲಿ ಮಲಗಿಸಿ ಎರಡು ತುಂಡು ಮಾಡುವುದು ಅವರ ಹೆಸರುವಾಸಿ ಆಟ. ವರ್ಷಕ್ಕೊಮ್ಮೆ ಮಾಡುತ್ತಾರೆ, ಆಕೆಯ ಸೊಂಟನೋವು ಒಪ್ಪಿದರೆ. ಹುಟ್ಟುಹಬ್ಬಗಳಲ್ಲಿ ಆಟ ತೋರಿಸುವವರನ್ನು ಅವರು, ಅಲ್ಲಿ ಮಕ್ಕಳಿಗೆ ಬಡಿಸುವ ತಿಂಡಿಯ ಹೆಸರು ಹಿಡಿದು, ‘ಜೆಲ್ಲಿ ಮಾಂತ್ರಿಕರು’ ಎಂದು ಹೀಯಾಳಿಸುತ್ತಾರೆ.

ಡೋರೀನಳ ಆಟವನ್ನು ನಾನು ರೇವನ್ಸ್‌ವುಡ್ ಬಡಾವಣೆಯ ಒಂದು ಹಿತ್ತಲಲ್ಲಿ ನೋಡಿದ್ದೇನೆ. ಬಟ್ಟೆ ಒಣಗಿಸುವ ತಂತಿಯ ಕೆಳಗೆ ಕಂಬಳಿ, ಅದರ ಮೇಲೆ ಇಪ್ಪತ್ತು ಮಕ್ಕಳು. ಎಲ್ಲರ ಮೂತಿಗೂ ಬೆಣ್ಣೆ ಬ್ರೆಡ್ಡಿನ ಮೇಲಿನ ಬಣ್ಣದ ಸಕ್ಕರೆ ಕಾಳು ಮೆತ್ತಿಕೊಂಡಿತ್ತು. ಅಪ್ಪಂದಿರು ಬಾರ್ಬೆಕ್ಯೂ ಸುತ್ತ ಬಿಯರ್ ಹಿಡಿದು ಫುಟ್‌ಬಾಲ್ ವಾದದಲ್ಲಿದ್ದರು. ಎಲ್ಲರಿಗಿಂತ ಜೋರು ಗಂಟಲಿನವನ ಹತ್ತಿರ ಡೋರೀನ್ ನೆಟ್ಟಗೆ ಹೋಗಿ ಹಗ್ಗದ ತುದಿಯೊಂದನ್ನು ಕೈಗೆ ಕೊಟ್ಟಳು.

“ಇದನ್ನ ಸ್ವಲ್ಪ ಹಿಡ್ಕೊಳಪ್ಪ. ಬಿಟ್ರೆ ಕಪ್ಪೆ ಆಗೋಗ್ತೀಯ.”

ಅವನು ಮುಕ್ಕಾಲು ಗಂಟೆ ಹಗ್ಗ ಹಿಡಿದು ನಿಂತ. ಮಿಕ್ಕವರು ಅವನನ್ನು ನೋಡಿ ನಗುವುದರಲ್ಲಿ ಫುಟ್‌ಬಾಲ್ ಮರೆತರು. ಸಾಸೇಜು ಸೀದುಹೋಯಿತು.

ಆಟದುದ್ದಕ್ಕೂ ಡೋರೀನ್ ಸೋಲುತ್ತಲೇ ಇರುತ್ತಾಳೆ. ಮಂತ್ರದ ಕೋಲು ಜೋತುಬೀಳುತ್ತದೆ. ಕಳೆದುಹೋದ ಕರವಸ್ತ್ರ ಆಕೆಯ ಬೆನ್ನಿಗೇ ಅಂಟಿಕೊಂಡಿರುತ್ತದೆ. “ಹಿಂದೆ! ನಿನ್ ಹಿಂದೆ!” ಎಂದು ಮಕ್ಕಳು ಗಂಟಲು ಹರಿದುಕೊಂಡರೆ ಆಕೆ ಮುಂದೆ ಹುಡುಕುತ್ತಾಳೆ. ಐದು ವರ್ಷದವರಿಗೆ ‘ಇವಳು ದಡ್ಡಿ, ನಾವೇ ಜಾಣರು’ ಅನ್ನಿಸುವಂತೆ ಮಾಡುವುದು ಎಂಥ ಕಷ್ಟದ ಕೆಲಸವೆಂದು, ಜಾಣನೆಂದು ತೋರಿಸಿಕೊಳ್ಳಲು ಮೂವತ್ತು ವರ್ಷ ಹೆಣಗಿದ ನನಗೆ ಗೊತ್ತು. ಕೊನೆಗೆ ಹುಟ್ಟುಹಬ್ಬದ ಮಗುವನ್ನು ಕರೆದು ಕಿವಿಯಲ್ಲಿ ಏನೋ ಉಸುರುತ್ತಾಳೆ. ಮಗು ಬರಿಯ ಚೀಲಕ್ಕೆ ಕೈಹಾಕಿ ಮೊಟ್ಟೆ ತೆಗೆಯುತ್ತದೆ. ಚಪ್ಪಾಳೆಯೆಲ್ಲ ಮಗುವಿಗೆ. ಡೋರೀನ್ ಬಾಯಿ ತೆರೆದು ಬೆರಗಾಗಿ ನಿಂತಿರುತ್ತಾಳೆ.

ಕಿವಿಯಲ್ಲಿ ಹೇಳುವ ಆ ಮಾತೇ ಕುತ್ತಾಯಿತು. ಒಬ್ಬಳು ಹುಡುಗಿ ಮನೆಗೆ ಹೋಗಿ, “ಡೋರೀನ್ ಆಂಟಿ ನಂಗೊಬ್ಳಿಗೇ ಗುಟ್ಟು ಹೇಳಿದಾರೆ” ಎಂದಳಂತೆ. ಅವಳ ತಾತ ಪೋಕಾಕ್ ಅವರ ಗೆಳೆಯ; ಮಾತು ಅಧ್ಯಕ್ಷರ ಕಿವಿಗೆ ಬಿತ್ತು. ಹೊರಗಿನವರಿಗೆ ಜಾದೂವಿನ ಗುಟ್ಟು ಬಿಟ್ಟುಕೊಟ್ಟವರನ್ನು ಸಂಘದಿಂದ ತೆಗೆದುಹಾಕಬೇಕೆಂಬುದು ನಮ್ಮ ಮೊದಲನೆಯ ನಿಯಮ. ಸಂಘದಿಂದ ಹೊರಬಿದ್ದರೆ ಸಂಘದ ಮೂಲಕ ಸಿಗುವ, ಆಟದಲ್ಲಿ ಯಾರಿಗಾದರೂ ಪೆಟ್ಟಾದರೆ ನೆರವಿಗೆ ಬರುವ ವಿಮೆ ಹೋಗುತ್ತದೆ. ವಿಮೆಯಿಲ್ಲದ ಜಾದೂಗಾರರನ್ನು ಈಗ ಯಾವ ತಾಯಿಯೂ ಹಿತ್ತಲಿಗೆ ಬಿಡುವುದಿಲ್ಲ. ಅಂದರೆ ಡೋರೀನಳ ಶನಿವಾರ, ಭಾನುವಾರಗಳು ಅಲ್ಲಿಗೆ ಮುಗಿದಂತೆ.

ಹುಲ್ಲಿನ ಮೇಲೆ ಚೆಂಡುರುಳಿಸಿ ಆಡುವವರ ಬೌಲ್ಸ್ ಕ್ಲಬ್ಬಿನ ಹಿಂದಿನ ಕೋಣೆಯಲ್ಲಿ ವಿಚಾರಣೆ ನಡೆಯಿತು.

“ಶ್ರೀಮತಿ ಹ್ಯಾಗರ್ಟಿ, ಮಕ್ಕಳಿಗೆ ಗುಟ್ಟು ಹೇಳಿದ್ದು ನಿಜವಾ?” ಎಂದರು ಪೋಕಾಕ್.

“ಹೂಂ, ಹೇಳಿದೀನಿ.”

“ಎಷ್ಟು ಮಕ್ಕಳಿಗೆ?”

“ಇಪ್ಪತ್ತೊಂಬತ್ತು ವರ್ಷ ಆಯ್ತಲ್ಲ. ಸಾವಿರದ ಮೇಲೆ ಇರ್ಬೇಕು.”

ಪೋಕಾಕ್ ಕುರ್ಚಿಯ ಕೈ ಹಿಡಿದುಕೊಂಡರು. “ಏನಂತ ಹೇಳಿದ್ರಿ?”

“ಅದನ್ನ ಹೇಳಕ್ಕಾಗಲ್ಲ ವೆಂಡೆಲ್. ಗುಟ್ಟು ಅದು.”

ಅಷ್ಟರಲ್ಲಿ ಕ್ಲಬ್ಬಿನ ಬಾರಿನಲ್ಲಿ ಕೆಲಸಕ್ಕಿರುವ ಜ್ಯಾರಡ್ ಬಿಯರ್ ಲೋಟಗಳ ತಟ್ಟೆ ಹೊತ್ತು ಒಳಗೆ ಬಂದ. ಹೊರಗಿನವರ ಮುಂದೆ ಗುಟ್ಟಿನ ಮಾತು ಎತ್ತಬಾರದೆಂಬುದೂ ನಿಯಮವೇ. ಹದಿನಾಲ್ಕು ಜನ ಬಾಯಿಗೆ ಬೀಗ ಹಾಕಿಕೊಂಡು ಚಾವಣಿ ನೋಡಿದೆವು.

“ಯಾರಾದ್ರೂ ಹೋಗ್ಬಿಟ್ರಾ?” ಎಂದ ಅವನು ಮೆಲ್ಲಗೆ. ಆಮೇಲೆ ಡೋರೀನ್ ಕಣ್ಣಿಗೆ ಬಿದ್ದಳು. “ಆಂಟೀ! ಗುರುತು ಸಿಕ್ತಾ? ಆರನೇ ಹುಟ್ಟುಹಬ್ಬ, ಡೈನೋಸಾರ್ ಕೇಕು.”

“ಜ್ಯಾರಡ್ ಅಲ್ವೇನೋ! ಕೇಕಿನ ಬಾಲ ಮುರೀತು ಅಂತ ಊರೆಲ್ಲ ಕೇಳೋ ಹಂಗೆ ಅತ್ತಿದ್ದೆ.”

ಪೋಕಾಕ್ ಅವರ ಕಣ್ಣು ಹೊಳೆಯಿತು. ಸಾಕ್ಷಿ ತಾನಾಗಿಯೇ ನಡೆದು ಬಂದಿತ್ತು.

“ಅವತ್ತು ಇವ್ರು ನಿನ್ನ ಕಿವೀಲಿ ಏನು ಹೇಳಿದ್ರು, ನೆನಪಿದೆಯೇನಪ್ಪ?”

“ಇಲ್ದೇ ಏನು? ಒಂದೊಂದು ಮಾತೂ ಇದೆ.”

“ಹಾಗಾದ್ರೆ ಹೇಳು.”

ಜ್ಯಾರಡ್ ಆರಡಿ ಎತ್ತರದ ಆಳು, ಕುತ್ತಿಗೆಯವರೆಗೂ ಹಚ್ಚೆ. ಖಾಲಿ ತಟ್ಟೆಯನ್ನು ಎದೆಗೆ ಅವಚಿಕೊಂಡ. “ಆಗಲ್ಲ.”

“ಯಾಕಾಗಲ್ಲ? ನಾವೆಲ್ಲ ಜಾದೂಗಾರರೇ.”

“ದೊಡ್ಡೋರಿಗೆ ಹೇಳಲ್ಲ ಅಂತ ಮಾತು ಕೊಟ್ಟಿದೀನಿ.”

“ಈಗ ನೀನೇ ದೊಡ್ಡೋನಲ್ವೇನಯ್ಯ!”

“ಆಗ ಇರ್ಲಿಲ್ವಲ್ಲ.”

“ನೋಡು, ನಾನು ಈ ಸಂಘದ ಅಧ್ಯಕ್ಷ.”

“ನಮ್ಮಮ್ಮಂಗೇ ಹೇಳಿಲ್ಲ, ನಿಮಗೆ ಹೇಳ್ತೀನಾ ಮಾರಾಯ್ರೇ? ಬೇಕಾದ್ರೆ ಇನ್ನೊಂದು ಬಿಯರ್ ತರ್ತೀನಿ.”

ಪೋಕಾಕ್ ಸೋಲೊಪ್ಪಲಿಲ್ಲ. ಗೆಳೆಯನಿಗೆ ಫೋನ್ ಮಾಡಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟು, ದೂರಿಗೆ ಕಾರಣಳಾದ ಮೊಮ್ಮಗಳನ್ನೇ ಕರೆಸಿದರು. ಅವಳಿಗೆ ಏಳು ವರ್ಷ. “ಪುಟ್ಟೀ, ಆ ಆಂಟಿ ಏನು ಹೇಳಿದ್ರಮ್ಮ?” ಎಂದು ಬೆಲ್ಲ ಬೆರೆಸಿ ಕೇಳಿದರು. ಅತ್ತಲಿಂದ ಉಸಿರಾಟ ಕೇಳಿಸಿತು. ಆಮೇಲೆ, “ತಾತಾ, ಯಾರೋ ಕಳ್ಳ ಫೋನ್ ಮಾಡಿದಾನೆ,” ಎಂಬ ಕೂಗು, ಫೋನ್ ಕಟ್ಟಾಯಿತು.

ಖಜಾಂಚಿ ಕ್ಲೈವ್ ಕೆಮ್ಮಿದ. ಅವನು ಮಾತಾಡುವುದೇ ಅಪರೂಪ. “ಗುಟ್ಟು ಹೊರಗೆ ಬಿದ್ದಿದೆ ಅಂತೀರಿ. ಎಲ್ಲಿ ಬಿದ್ದಿದೆ ತೋರ್ಸಿ. ಸಾವಿರ ಬಾಯಿ, ಇಪ್ಪತ್ತೊಂಬತ್ತು ವರ್ಷ, ಒಂದು ತೊಟ್ಟೂ ಸೋರಿಲ್ಲ. ಹೋದ ಕ್ರಿಸ್‌ಮಸ್ ಊಟದಲ್ಲಿ ಎರಡನೇ ಲೋಟಕ್ಕೇ ಪೆಟ್ಟಿಗೆ ತಳದ ಸಂಗತಿ ಬಾಯಿಬಿಟ್ಟೋರು ಯಾರು ಅಂತ ನಾನು ಹೇಳಲ್ಲ.”

ಹೇಳಬೇಕಾಗಿಯೂ ಇರಲಿಲ್ಲ. ಎಲ್ಲರೂ ಕರಿಕೋಟನ್ನೇ ನೋಡುತ್ತಿದ್ದೆವು. ಡೋರೀನಳನ್ನು ಉಳಿಸಿಕೊಳ್ಳಬೇಕೆನ್ನುವವರು ಕೈಯೆತ್ತಿ ಎಂದು ನಾನು ಹೇಳಿದಾಗ ಹನ್ನೆರಡು ಕೈಗಳು ಮೇಲೆದ್ದವು. ಸ್ವಲ್ಪ ತಡೆದು ಹದಿಮೂರನೆಯದೂ ಎದ್ದಿತು, ಮೊಣಕೈಯಷ್ಟು ಎತ್ತರಕ್ಕೆ.

ಡೋರೀನ್ ಗೆದ್ದವಳಂತೆ ನಡೆದುಕೊಳ್ಳಲಿಲ್ಲ. “ಶನಿವಾರ ಅವಳಿ ಮಕ್ಕಳದ್ದು ಇದೆ. ಎರಡು ಕಿವಿಗೆ ಹೇಳ್ಬೇಕು,” ಎಂದು ಹೇಳಿ ಎದ್ದಳು. ಪೋಕಾಕ್ ತಾವೇ ಆಕೆಯ ಪೆಟ್ಟಿಗೆ ಹೊತ್ತು ವ್ಯಾನಿನವರೆಗೆ ಹೋದರು. ನಾನು ಹಿಂದೆಯೇ ಇದ್ದೆ.

“ಡೋರೀನ್, ಚೀಲದ ಒಳಗುಟ್ಟು ನಂಗೆ ಐವತ್ತು ವರ್ಷದಿಂದ ಗೊತ್ತು. ಆದ್ರೆ ನೀನು ಏನು ಹೇಳ್ತೀಯ? ನನ್ನೊಬ್ಬನಿಗೆ ಹೇಳು,” ಎಂದರು ಪೋಕಾಕ್.

“ನಿನ್ನ ಹುಟ್ಟುಹಬ್ಬ ಯಾವಾಗ?”

“ನವೆಂಬರ್ ಹದಿನಾಲ್ಕು.”

“ಹಂಗಾದ್ರೆ ಅವತ್ತು ಕರಿ. ಕೇಕ್ ಇರ್ಬೇಕು.”

ಕರೆದರು. ಎಪ್ಪತ್ತಮೂರು ಮೇಣದಬತ್ತಿ, ತಂತಿಯ ಕೆಳಗೆ ಕಂಬಳಿ, ಕಂಬಳಿಯ ಮೇಲೆ ಮಂಡಿ ಲಟಲಟ ಅನ್ನಿಸಿಕೊಂಡು ಕೂತ ಸಂಘದ ಸದಸ್ಯರು. ಕರವಸ್ತ್ರ ಬೆನ್ನಿಗಂಟಿದಾಗ ನಾವು ನಾಚಿಕೆ ಬಿಟ್ಟು ಕೂಗಿದೆವು. ಡೋರೀನ್ ಅಧ್ಯಕ್ಷರನ್ನು ಕರೆದು ಕಿವಿಯಲ್ಲಿ ಏನೋ ಹೇಳಿದಳು. ಅವರು ಚೀಲಕ್ಕೆ ಕೈಹಾಕಿ ಮೊಟ್ಟೆ ತೆಗೆದರು. ಆ ಮನುಷ್ಯ ಸಾವಿರ ಮೊಟ್ಟೆ ತೆಗೆದದ್ದನ್ನು ನೋಡಿದ್ದೇನೆ. ಅಂಥ ಮುಖವನ್ನು ನೋಡಿರಲಿಲ್ಲ.

ಆಮೇಲೆ ಒಬ್ಬರೇ ಸಿಕ್ಕಾಗ ಹತ್ತಿರ ಸರಿದು, “ಏನು ಹೇಳಿದ್ಲು?” ಎಂದೆ.

ಪೋಕಾಕ್ ಮೊಟ್ಟೆಯನ್ನು ಕೋಟಿನ ಜೇಬಿಗಿಳಿಸಿದರು. “ಹೋಗಯ್ಯ, ಹೋಗಿ ಕೇಕ್ ತಿನ್ನು.”