ಬರುವವಳಿಗಿಟ್ಟ ಕುರ್ಚಿ

ಹೋದ ವಾರ ಮನೆಗೊಂದು ಲಗ್ನಪತ್ರಿಕೆ ಬಂತು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದ್ದರು. ಲಕೋಟೆ ಒಡೆದ ಕೂಡಲೇ ಅದರ ವಾಸನೆ ಮೂಗಿಗೆ ಬಡಿಯಿತು. ಈಗಿನ ರೂಢಿಯಂತೆ ಒಳಗೆ ವಧೂವರರ ಫೋಟೋ ಬೇರೆ. ನಾನು ಕನ್ನಡಕ ಏರಿಸಿಕೊಂಡು ಆ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದಾಗ ನಮ್ಮ ಮನೆಯವರು ಕೇಳಿದರು.

"ಅಷ್ಟ್ಯಾಕ ನೋಡಾಕತ್ತೀ? ಗುರ್ತಿನ ಹುಡುಗಿ ಏನು?"

"ಅಲ್ರಿ, ಎತ್ತರ ನೋಡಾಕತ್ತೇನಿ. ಐದು ಫೂಟು ಒಂಬತ್ತಿಂಚರ ಇರಬೇಕು."

"ಯಪ್ಪಾ! ಇನ್ನೂ ಇಳದಿಲ್ಲೇನ ನಿನ್ನ ಹುಚ್ಚು?" ಎಂದು ಅವರು ಹಣೆ ಬಡಿದುಕೊಂಡು ಪೇಪರಿನೊಳಗೆ ಮುಖ ಹುದುಗಿಸಿದರು.

ಇಳಿದಿಲ್ಲ, ಏನು ಮಾಡಲಿ? ನೀವೂ ಗಂಗಕ್ಕನ ಕೈಯಲ್ಲಿ ಆರು ವರ್ಷ ಕಳೆದಿದ್ದರೆ ನಿಮಗೂ ಇದೇ ಗತಿ ಬರುತ್ತಿತ್ತು. ಪತ್ರಿಕೆ ಬಂದದ್ದೂ ಅವರ ಮನೆಯಿಂದಲೇ, ಅವರ ತಂಗಿಯ ಮಗನ ಮದುವೆ.

ತೊಂಬತ್ತರ ದಶಕದ ನಡುಮಧ್ಯದ ಮಾತು. ಗಂಗಕ್ಕ ಧಾರವಾಡದ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರ್. ನಮ್ಮ ಬಡಾವಣೆಯ ಕ್ಲಬ್ಬಿನ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಟೀಮಿಗೆ ಕೋಚೂ ಅವರೇ, ಮ್ಯಾನೇಜರೂ ಅವರೇ, ಮೊಣಕಾಲು ತರಚಿದರೆ ಅರಿಶಿನ ಒತ್ತುವ ಡಾಕ್ಟರೂ ಅವರೇ. ನಾನು ಕ್ಯಾಪ್ಟನ್. ಆಟ ನೋಡಿ ಮಾಡಿದ್ದಲ್ಲ. ಕಂಡಕ್ಟರನ ಜೊತೆ ಜಗಳಾಡಿ ಎಲ್ಲರಿಗೂ ಸೀಟು ಹಿಡಿಯುವ ನನ್ನ ಬಾಯಿ ನೋಡಿ ಮಾಡಿದ್ದು. ನನ್ನ ಎತ್ತರ ಐದು ಫೂಟಿಗೆ ಒಂದಿಂಚು ಕಡಿಮೆ. ಜಡೆಯನ್ನು ನೆತ್ತಿಯ ಮೇಲೆ ಕಟ್ಟಿದರೆ ಐದು ತುಂಬುತ್ತಿತ್ತು.

ನಾವು ಸೋಲುತ್ತಿದ್ದೆವು. ಇದನ್ನು ನಾಜೂಕಾಗಿ ಹೇಳುವ ದಾರಿ ನನಗೆ ಗೊತ್ತಿಲ್ಲ. ವರ್ಷಕ್ಕೊಮ್ಮೆ ಹುಬ್ಬಳ್ಳಿಯಲ್ಲಿ ಜಿಲ್ಲೆಯ ಪಂದ್ಯಗಳು ನಡೆಯುತ್ತಿದ್ದವು. ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನ ಎಂದು ಎರಡು ಹೊತ್ತಿನ ಬುತ್ತಿ ಕಟ್ಟಿಕೊಂಡು ಬೆಳಗಿನ ಬಸ್ಸು ಹಿಡಿಯುತ್ತಿದ್ದೆವು. ಮೊದಲ ಮ್ಯಾಚಿನಲ್ಲೇ ಹೊರಬಿದ್ದು, ಆ ಬುತ್ತಿಯನ್ನು ವಾಪಸ್ ಬರುವ ಬಸ್ಸಿನಲ್ಲಿ ಬಿಚ್ಚುತ್ತಿದ್ದೆವು. ಒಂದು ವರ್ಷ ಬುತ್ತಿ ಇನ್ನೂ ಬೆಚ್ಚಗಿತ್ತು.

ಕೊನೆಗೆ ಕ್ಲಬ್ಬಿನ ಅಧ್ಯಕ್ಷರಿಗೂ ಸಾಕಾಯಿತು. ಸಂಜೆ ಐದರಿಂದ ಆರರವರೆಗೆ ಕೋರ್ಟು ನಮ್ಮದಾಗಿತ್ತು. ಅವರು ಗಂಗಕ್ಕನನ್ನು ಕರೆದು ಹೇಳಿದರು: "ನೋಡ್ರಿ ಗಂಗಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ಈ ಸಲಾನೂ ಮೊದಲನೇ ಮ್ಯಾಚಿನ್ಯಾಗ ಸೋತ್ರ ಆ ತಾಸು ಗಂಡುಹುಡುಗರಿಗೆ ಬಿಡೂದು. ಅವ್ರು ಗೆದ್ದು ಕಪ್ಪರ ತರ್ತಾರ."

ಒಂದು ತಾಸು ಹೋದರೆ ಏನಾಯಿತು ಎನ್ನಬೇಡಿ. ಆಗ ನಾನು ಇಪ್ಪತ್ತಾರರ ಹೆಂಗಸು, ಮದುವೆಯಾಗಿ ಮೂರು ವರ್ಷ. ಇಡೀ ಊರಿನಲ್ಲಿ ನಾನು ಓಡಬಹುದಾದ ಜಾಗ ಇನ್ನೆಲ್ಲಿತ್ತು ಹೇಳಿ? ಬಸ್ಸಿನ ಹಿಂದೆ ಬಿಟ್ಟರೆ ಅಲ್ಲೊಂದೇ. ಆ ತಾಸಿನಲ್ಲಿ ಯಾರೂ ನನ್ನನ್ನು ಚಹಾ ಮಾಡು ಅನ್ನುತ್ತಿರಲಿಲ್ಲ, ಯಾರ ಅಂಗಿಯ ಗುಂಡಿಯೂ ಕಿತ್ತಿರುತ್ತಿರಲಿಲ್ಲ.

ಬುದ್ಧಿಯಿದ್ದವರಾಗಿದ್ದರೆ ಅಂದಿನಿಂದಲೇ ಬೆವರು ಸುರಿಸಿ ಆಡುತ್ತಿದ್ದರು. ಆದರೆ ಗಂಗಕ್ಕನ ತಲೆಯಲ್ಲಿ ಕುಳಿತದ್ದೇ ಬೇರೆ. "ಟೀಮಿಗೆ ಏನೂ ಆಗಿಲ್ಲ ಬಿಡ್ರಿ. ಎತ್ತರ ಒಂದ ಕಡಿಮಿ ಐತಿ. ಒಬ್ಬಾಕಿ, ಒಬ್ಬಾಕಿ ಎತ್ತರದಾಕಿ ಸಿಕ್ಕಳಂದ್ರ ಮುಗೀತು," ಎಂದು ಅವರು ಆರು ವರ್ಷದಿಂದ ಹೇಳುತ್ತಲೇ ಬಂದಿದ್ದರು. ಈ ಒಬ್ಬಾಕಿಯ ಹುಡುಕಾಟದಲ್ಲಿ ನಮ್ಮೆಲ್ಲರ ಪ್ರಾಣ ಹೋಗಿತ್ತು. ಒಮ್ಮೆ ಬ್ಯಾಂಕಿಗೆ ವರ್ಗವಾಗಿ ಬಂದ ಉದ್ದನೆಯ ಗುಮಾಸ್ತೆಯೊಬ್ಬಳು ಸಿಕ್ಕಳು. ಪಂದ್ಯಕ್ಕೆ ಹದಿನೈದು ದಿನವಿದೆ ಎನ್ನುವಾಗ ಮತ್ತೆ ವರ್ಗವಾಗಿ ಹೋದಳು. ಇನ್ನೊಮ್ಮೆ ಹಾಸ್ಟೆಲಿನ ಹುಡುಗಿಯೊಬ್ಬಳು. ಪಂಚಮಿಗೆಂದು ಊರಿಗೆ ಹೋದವಳು ಜೋಕಾಲಿ, ಉಂಡಿ ಎಂದು ಅಲ್ಲೇ ಉಳಿದು ಪಂದ್ಯ ಮುಗಿದ ಮೇಲೆ ಬಂದಳು, ಒಂದು ಡಬ್ಬಿ ಎಳ್ಳುಂಡಿ ಹಿಡಿದುಕೊಂಡು. ತಿಂದೆವು, ಇನ್ನೇನು ಮಾಡುವುದು!

ಆಮೇಲೆ ಗಂಗಕ್ಕ ಲಗ್ನಪತ್ರಿಕೆಗೆ ಬಿದ್ದರು. ಹೊರಗಿನ ಊರಿನ ಎತ್ತರದ ಹುಡುಗಿಯರು ನಮ್ಮ ಊರಿಗೆ ಬರುವ ದೊಡ್ಡ ದಾರಿಯೆಂದರೆ ಮದುವೆಯೇ ತಾನೆ, ಎಂಬುದು ಅವರ ಲೆಕ್ಕ. ಯಾರ ಮನೆಗೆ ಸೊಸೆ ಬರುತ್ತಾಳೆಂದರೂ ಇವರ ಮೊದಲ ಪ್ರಶ್ನೆ, "ಹುಡುಗಿ ಎತ್ತರ ಎಷ್ಟ್ರಿ?" ಊರವರು ಇವರನ್ನು ವಧೂವರರ ಕೇಂದ್ರವೆಂದು ತಿಳಿದು ಮನೆಗೆ ಜಾತಕ ಕಳಿಸತೊಡಗಿದರು. ಗಂಗಕ್ಕನ ಕೈಯಿಂದ ಎರಡು ಮದುವೆಗಳು ಕೂಡಿದವು. ಟೀಮಿಗೆ ಒಬ್ಬಳೂ ಕೂಡಲಿಲ್ಲ.

ಇದೆಲ್ಲದರ ನಡುವೆ ನಮ್ಮ ಪ್ರ್ಯಾಕ್ಟೀಸ್ ಹೇಗಿತ್ತು ಕೇಳಿ. ರಿಂಗಿನ ಕೆಳಗೆ, ಬಲಗಡೆ, ಗಂಗಕ್ಕ ಕ್ಲಬ್ಬಿನ ಒಂದು ಕಬ್ಬಿಣದ ಮಡಚುವ ಕುರ್ಚಿ ಇಡುತ್ತಿದ್ದರು. ಅದು ಮುಂದೆ ಬರಲಿರುವ ಎತ್ತರದವಳು. ನಾವು ಬಾಲನ್ನು ತಂದು ತಂದು ಆ ಕುರ್ಚಿಯ ಕಡೆಗೆ ಎಸೆಯಬೇಕು. "ರೂಢಿ ಆಗ್ಲಿ. ಆಕಿ ಬಂದ ಮ್ಯಾಲೆ ಹುಡುಕೂದು ಬ್ಯಾಡ," ಎನ್ನುತ್ತಿದ್ದರು. ನಾವು ಕುರ್ಚಿಗೆ 'ಬರೂವಾಕಿ' ಎಂದೇ ಹೆಸರಿಟ್ಟಿದ್ದೆವು. ಒಮ್ಮೆ ನಾನೇ ಬಾಲನ್ನು ರಿಂಗಿಗೆ ಹಾಕಿದೆ, ಬಿತ್ತು ಕೂಡ. ಗಂಗಕ್ಕ ಪೀಪಿ ಊದಿ ನಿಲ್ಲಿಸಿ, "ಅದು ನಿನ್ನ ಕೆಲಸ ಅಲ್ಲ," ಎಂದರು. ನನಗೆ ಸಿಟ್ಟು ಬಂತು. ಆದರೂ ಮರುದಿನದಿಂದ ಕುರ್ಚಿಗೇ ಎಸೆದೆ. ಹೇಳಿದ್ದನ್ನು ಕೇಳುವ ರೋಗ ನನಗೂ ಇತ್ತಲ್ಲ!

ಆ ವರ್ಷ ಪಂದ್ಯಗಳು ತಡವಾಗಿದ್ದವು. ದೀಪಾವಳಿ ಮುಗಿದ ಮೇಲೆ ಗಂಗಕ್ಕ ಓಡಿಬಂದ ಹಾಗೆ ನಮ್ಮ ಮನೆಗೆ ಬಂದರು. ಚಪ್ಪಲಿ ಸಹ ಬಿಡಲಿಲ್ಲ. "ಸಿಕ್ಕಳವಾ! ಹುಬ್ಬಳ್ಳಿ ಕಮರಿಪೇಟಿಗೆ ಸೊಸಿ ಆಗಿ ಬಂದಾಳ. ರಾಜ್ಯದ ಟೀಮಿಗೆ ಆಡಿದಾಕಿ! ಲಗ್ನಕ್ಕಂತ ನೌಕರಿ ಬಿಟ್ಟಾಳ, ಆಫೀಸಿನ ಟೀಮೂ ಬಿಟ್ಟಾಳ. ಈಗ ಯಾರ ಕಡಿಗೂ ಇಲ್ಲ ಆಕಿ, ಖುಲ್ಲಾ ಅದಾಳ!"

ಅವಳೇ ಶೋಭಾ. ಎತ್ತರ ಆರು ಫೂಟಿಗೆ ಎರಡಿಂಚು ಕಡಿಮೆ.

ನಾನೂ ಗಂಗಕ್ಕನೂ ಆ ಮನೆಗೆ ಮೂರು ಸಲ ಹೋದೆವು. ಮೊದಲ ಸಲ ಅವಳ ಅತ್ತೆ ನೀಲವ್ವನವರು ನಮ್ಮನ್ನು ಚಂದಾ ಪಟ್ಟಿ ಕೇಳಲು ಬಂದವರೆಂದು ತಿಳಿದು ಪಡಸಾಲೆಯಲ್ಲೇ ನಿಲ್ಲಿಸಿದರು. ಸೊಸೆಯ ಆಟದ ಮಾತು ಎಂದಾಗ, "ಲಗ್ನ ಆದ ಮ್ಯಾಲೆ ಎಂಥಾ ಆಟರಿ?" ಎಂದರು. ಎರಡನೆಯ ಸಲ ಮಾವನವರಿಗೆ ಚಡ್ಡಿಯ ಚಿಂತೆ. ಉದ್ದನೆಯ ಪ್ಯಾಂಟೇ ಹಾಕಿಸುತ್ತೇವೆಂದು ಗಂಗಕ್ಕ ಮಾತು ಕೊಟ್ಟರು. ಗಂಡನಿಗೆ ಬಸ್ಸಿನ ಚಿಂತೆ, ನಾದಿನಿಗೆ ಮೈಬಣ್ಣ ಕಪ್ಪಾದೀತೆಂಬ ಚಿಂತೆ. ಗಂಗಕ್ಕ ಒಬ್ಬೊಬ್ಬರನ್ನೇ ಒಲಿಸಿಕೊಂಡರು. ಆ ತಾಳ್ಮೆಯ ಕಾಲುಭಾಗ ನಮಗೆ ಆಟ ಕಲಿಸಲು ಹಾಕಿದ್ದರೆ ನಾವು ಎಂದೋ ಗೆದ್ದಿರುತ್ತಿದ್ದೆವು.

ಪ್ರತಿ ಸಲವೂ ಶೋಭಾ ಚಹಾ ತರುತ್ತಿದ್ದಳು. ಹಳೆಯ ಮನೆ, ಬಾಗಿಲು ತಗ್ಗು. ಅವಳು ತಟ್ಟೆ ಹಿಡಿದು ತಲೆ ಬಗ್ಗಿಸಿ ಹೊರಬಂದು ಮತ್ತೆ ನೆಟ್ಟಗಾಗುವುದನ್ನು ನಾವಿಬ್ಬರೂ ಬಾಯಿ ಬಿಟ್ಟು ನೋಡುತ್ತಿದ್ದೆವು. ಗಂಗಕ್ಕ ಕಪ್ಪು-ಬಸಿ ತೆಗೆದುಕೊಳ್ಳುವ ನೆವದಲ್ಲಿ ಅವಳ ಬೆರಳು ಅಳೆಯುತ್ತಿದ್ದರು. "ಚಹಾ ಛಲೋ ಆಗೇತವಾ," ಎನ್ನುತ್ತಿದ್ದರು. ಅವಳು ಒಳಬಾಗಿಲಿಗೆ ಒರಗಿ ನಿಲ್ಲುತ್ತಿದ್ದಳು.

ಮೂರನೆಯ ಸಲ ನೀಲವ್ವನವರು ಒಪ್ಪಿದರು. ನಮಗೆ ಕುಂಕುಮ ಹಚ್ಚಿ, ಉಡಿಯಲ್ಲಿ ಕುಪ್ಪಸದ ಖಣ ಹಾಕಿ, "ನಮ್ಮ ಸೊಸಿನ್ನ ನಿಮಗ ಒಪ್ಪಿಸೇನ್ರಿ, ಗೆಲ್ಲಿಸ್ಕೊಂಡು ಬರ್ರಿ," ಎಂದರು. ಗಂಗಕ್ಕನ ಕಣ್ಣಲ್ಲಿ ನೀರು. ಒಳಬಾಗಿಲ ಕಡೆ ತಿರುಗಿ, "ಹಂಗಾರ ನಾಳಿಂದ ಬಂದ್ಬಿಡವಾ," ಎಂದರು.

"ನಾ ಆಡಂಗಿಲ್ರಿ," ಎಂದಳು ಶೋಭಾ.

"ಏ, ನಾ ಹೂಂ ಅಂದೇನಲ್ಲ!" ಎಂದರು ನೀಲವ್ವ. ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಿತ್ತು ಅವರ ದನಿಯಲ್ಲಿ. ಅವಳು ಕಪ್ಪು-ಬಸಿ ಎತ್ತಿಕೊಂಡು ಒಳಗೆ ಹೋದಳು. ಅಷ್ಟೇ.

ವಾಪಸ್ ಬಸ್ಸಿನಲ್ಲಿ ಗಂಗಕ್ಕ, "ಮೊಣಕಾಲು ಹೋಗಿರಬೇಕವಾ, ಪಾಪ," ಎಂದರು. ನನಗೆ ಮಾತ್ರ ಮೈಯೆಲ್ಲ ಉರಿ. "ಮೊಣಕಾಲಲ್ರಿ, ಸೊಕ್ಕು! ದೊಡ್ಡ ಟೀಮಿನ್ಯಾಗ ಆಡಿದಾಕಿಗೆ ನಾವು ಕಣ್ಣಿಗೆ ಬೀಳ್ತೀವೇನು?" ಎಂದೆ. ಇಡೀ ದಾರಿ ಅದನ್ನೇ ಬೇರೆ ಬೇರೆ ಮಾತಿನಲ್ಲಿ ಹೇಳಿದೆ.

ಹೀಗಾಗಿ ಇದ್ದ ಐದು ಜನವೇ ಆಡಲು ಹೋದೆವು. ಅವತ್ತು ಏನಾಗಿತ್ತೋ ಕಾಣೆ, ನಾವು ಚೆನ್ನಾಗಿ ಆಡಿದೆವು. ಕೊನೆಯ ನಿಮಿಷಕ್ಕೆ ಒಂದೇ ಪಾಯಿಂಟು ಹಿಂದಿದ್ದೆವು. ಅದೇ ಹೊತ್ತಿಗೆ ಗೆರೆಯ ಆಚೆ ಶೋಭಾ ತನ್ನ ಅತ್ತೆಯ ಜೊತೆ ನಿಂತಿದ್ದು ಕಂಡಿತು. ನಾವು ಸೋಲುವುದನ್ನು ನೋಡಲು ಬಂದಿದ್ದಾಳೆ ಎಂದುಕೊಂಡೆ. ಅಷ್ಟರಲ್ಲಿ ಬಾಲು ನನ್ನ ಕೈಗೆ ಬಂತು. ಎದುರು ಟೀಮಿನವರೆಲ್ಲ ಆಚೆ ಓಡಿದ್ದರು. ರಿಂಗಿನ ಕೆಳಗೆ ನಾನೊಬ್ಬಳೇ. ಮನೆಯಲ್ಲಿ ಬುಟ್ಟಿಗೆ ಉಳ್ಳಾಗಡ್ಡಿ ಹಾಕುವಷ್ಟು ಸಲೀಸು.

"ನೀವ ಹಾಕ್ರೀ!" ಎಂದು ಗೆರೆಯಾಚೆಯಿಂದ ಯಾರೋ ಚೀರಿದರು. ಶೋಭಾಳ ದನಿ.

ನಾನು ಬಾಲನ್ನು ಬಲಗಡೆಗೆ ಎಸೆದೆ. ಅಲ್ಲಿ ಯಾರೂ ಇರಲಿಲ್ಲ. ಕುರ್ಚಿ ಇರುತ್ತಿದ್ದ ಜಾಗ ಅದು. ಬಾಲು ಪುಟಿಯುತ್ತ ಗೆರೆ ದಾಟಿ ಹೋಯಿತು, ರೆಫರಿ ಪೀಪಿ ಊದಿದರು. ಒಂದೇ ಪಾಯಿಂಟಿನಿಂದ ಸೋತೆವು.

ಮುಂದಿನ ಸೋಮವಾರದಿಂದ ಐದರಿಂದ ಆರು ಗಂಡುಹುಡುಗರದಾಯಿತು. ಅವರೂ ಕಪ್ಪು ತರಲಿಲ್ಲ, ಆ ಮಾತು ಬೇರೆ. ಬೆಳಗ್ಗೆ ಆರಕ್ಕೆ ಬರ್ರಿ ಎಂದರು ಅಧ್ಯಕ್ಷರು. ಬೆಳಗ್ಗೆ ಆರಕ್ಕೆ ಯಾವ ಮನೆಯ ಹೆಂಗಸು ಒಲೆ ಬಿಟ್ಟು ಬರುತ್ತಾಳೆ? ಎರಡು ತಿಂಗಳಲ್ಲಿ ಟೀಮು ಚದುರಿತು. ಅಂದಿನಿಂದ ನಾನು ಓಡಿಲ್ಲ. ಐದು ಗಂಟೆಗೆ ಚಹಾ ಇಡುತ್ತೇನೆ. ಹನ್ನೆರಡು ವರ್ಷ ನನಗೆ ನನ್ನ ಮೇಲೆ ಸಿಟ್ಟು, ಗಂಗಕ್ಕನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಆ ಸೊಕ್ಕಿನ ಶೋಭಾಳ ಮೇಲೆ ಸಿಟ್ಟು. ಅವಳೊಬ್ಬಳು ಹೂಂ ಅಂದಿದ್ದರೆ!

ನಿನ್ನೆ ಮದುವೆಗೆ ಹೋಗಿದ್ದೆ. ಹುಬ್ಬಳ್ಳಿಯ ಕಲ್ಯಾಣ ಮಂಟಪ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದ ಎಲೆಗೆ ಯಾರೋ ಬಂದು ಕುಳಿತರು. ಕುಳಿತರೂ ನನಗಿಂತ ಒಂದು ಗೇಣು ಮೇಲೆ. ಅವಳೇ. ಗುರುತು ಹಿಡಿದು, "ಆರಾಮ ಅದೀರಿ?" ಎಂದಳು. ಆರಾಮ ಎಂದೆ. ಹೋಳಿಗೆ ಬಂತು, ತುಪ್ಪ ಬಂತು. ನನ್ನ ಬಾಯಿ ನಿಮಗೆ ಗೊತ್ತೇ ಇದೆ, ಸುಮ್ಮನಿರಲಿಲ್ಲ.

"ಅವತ್ತ ಯಾಕ ಒಲ್ಲೆ ಅಂದ್ರಿ? ಒಂದ ಮ್ಯಾಚ್ ಆಡಿದ್ರ ನಮ್ಮ ತಾಸು ಉಳೀತಿತ್ತು."

ಅವಳು ಹೋಳಿಗೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ನನಗ ಆಡಬೇಕಂತ ಭಾಳ ಇತ್ರಿ. ನೀವು ಮೊದಲನೇ ಸಲ ಬಂದಾಗ ರಾತ್ರಿ ನಿದ್ದಿ ಬರಲಿಲ್ಲ ನನಗ. ಆಮ್ಯಾಲೆ ನೋಡಿದ್ರ, ಅತ್ತಿನ್ನ ಕೇಳಿದ್ರಿ, ಮಾವನ್ನ ಕೇಳಿದ್ರಿ, ನಮ್ಮವರನ್ನ ಕೇಳಿದ್ರಿ, ನಮ್ಮ ನಾದಿನಿನ್ನೂ ಕೇಳಿದ್ರಿ. ನಾ ಅಲ್ಲೇ ಬಾಗಲದಾಗ ನಿಂತಿದ್ದೆ. ಮೂರು ಸಲ. 'ನಿನಗ ಆಡೂದೈತೇನು' ಅಂತ ಒಂದ ಮಾತು ಕೇಳಿದ್ರ, ಅವತ್ತ ನಿಮ್ಮ ಕೂಡ ಬಸ್ ಹತ್ತಿ ಬರ್ತಿದ್ದೆ."

ಹನ್ನೆರಡು ವರ್ಷ ಬೈದದ್ದು ಯಾರಿಗೆ, ಬೈಯಬೇಕಾಗಿದ್ದು ಯಾರಿಗೆ! ಗಂಗಕ್ಕನಿಗೆ ಹೊಳೆಯಲಿಲ್ಲ ಬಿಡಿ, ಅವರಿಗೆ ಕಂಡದ್ದು ಎತ್ತರವೊಂದೇ. ಕೋರ್ಟಿನಲ್ಲಿ 'ಅದು ನಿನ್ನ ಕೆಲಸ ಅಲ್ಲ' ಎಂದು ಅನ್ನಿಸಿಕೊಂಡು ಉರಿದವಳು ನಾನು. ಮೂರು ಸಲ ಅವಳ ಕೈಯ ಚಹಾ ಕುಡಿದೂ ನನಗೇಕೆ ಹೊಳೆಯಲಿಲ್ಲ?

ಇಡೀ ಪಂಕ್ತಿ ತಿರುಗಿ ನೋಡುವಷ್ಟು ಗಟ್ಟಿಯಾಗಿ, ಹನ್ನೆರಡು ವರ್ಷ ತಡವಾಗಿ ಕೇಳಿಬಿಟ್ಟೆ: "ಶೋಭಾ, ನಮ್ಮ ಟೀಮಿಗೆ ಆಡ್ತೀರೇನ್ರಿ?"

ಅವಳು ನನ್ನ ಮುಖ ನೋಡಿದಳು. ನಗಲಿಲ್ಲ.

"ಇಲ್ರಿ, ಈಗ ಆಗಂಗಿಲ್ಲ," ಎಂದಳು. ಒಂದು ತುತ್ತು ತಿಂದು, "ಆದ್ರ ಕೇಳಿದ್ದು ಛಲೋ ಆತು," ಎಂದಳು.